ಕ್ಯಾನ್ಸಸ್‌ನ ಪ್ರೇರಿ ನೋಡಬೇಕಾ? ಚೇಸ್, ಮೇರಿಯನ್, ಫಿನ್ನಿ: ಯಾವ ಕೌಂಟಿ ನಿಮಗೆ ಸರಿ

ಕ್ಯಾನ್ಸಸ್ ಅಂದರೆ ಬರೀ ಬಯಲು, ಅಲ್ಲಿ ನೋಡೋಕೆ ಏನಿದೆ ಅನ್ನುವವರೇ ಜಾಸ್ತಿ. ಕ್ಯಾನ್ಸಸ್ ಸಿಟಿ, ಓವರ್‌ಲ್ಯಾಂಡ್ ಪಾರ್ಕ್, ವಿಚಿಟಾ ಕಡೆ ಇರುವ ನಮ್ಮವರೂ ಅಷ್ಟೇ, ಒಟ್ಟಿಗೆ ಮೂರು ದಿನ ರಜೆ ಸಿಕ್ಕಿತು ಅಂದರೆ ಕೊಲೊರಾಡೊದ ಬೆಟ್ಟಗಳ ಕಡೆ ಗಾಡಿ ತಿರುಗಿಸುತ್ತಾರೆ, ನಡುವೆ ಸಿಗುವ ಊರುಗಳನ್ನೆಲ್ಲ ಗಂಟೆಗೆ 75 ಮೈಲಿ ವೇಗದಲ್ಲಿ ದಾಟಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಅಮೆರಿಕದ ಬೇಸಾಯ ಹೇಗೆ ಹುಟ್ಟಿತು, ಹೇಗೆ ಗೆದ್ದಿತು, ಈಗ ಎಲ್ಲಿ ಏದುಸಿರು ಬಿಡುತ್ತಿದೆ ಅನ್ನುವುದು ಇದೇ ರಾಜ್ಯದ ಒಂದೇ ರಸ್ತೆಯ ಮೇಲೆ ಕಾಣುತ್ತದೆ.

ಆ ರಸ್ತೆ ಹೈವೇ 50. ಅದು ಪೂರ್ವದಿಂದ ಪಶ್ಚಿಮಕ್ಕೆ ಹೋಗುವಾಗ ಚೇಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಮೇರಿಯನ್ ಕೌಂಟಿ, ಕೊನೆಗೆ ದೂರದ ಫಿನ್ನಿ ಕೌಂಟಿ, ಮೂರನ್ನೂ ಹಾದು ಹೋಗುತ್ತದೆ. ಕ್ಯಾನ್ಸಸ್‌ನಲ್ಲಿ ಒಟ್ಟು 105 ಕೌಂಟಿಗಳಿವೆ. ಅದರಲ್ಲಿ ಈ ಮೂರನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಒಂದರಲ್ಲಿ ಹುಲ್ಲು ಉಳಿದಿದೆ, ಒಂದರಲ್ಲಿ ಹುಲ್ಲು ಹೋಗಿ ಗೋಧಿ ಬಂದಿದೆ, ಇನ್ನೊಂದರಲ್ಲಿ ನೆಲದಡಿಯ ನೀರು ಎತ್ತಿ ಬೇಸಾಯ ನಡೆಯುತ್ತಿದೆ. ಮೂರೂ ಪ್ರೇರಿಯೇ, ಅಂದರೆ ಮೊದಲು ಹುಲ್ಲೇ ತುಂಬಿದ್ದ ಬಯಲು. ಆದರೆ ಒಂದನ್ನು ನೋಡಿ ಇನ್ನೊಂದನ್ನು ಊಹಿಸೋಕೆ ಆಗುವುದಿಲ್ಲ.

ಮೊದಲು ಮೂರರಲ್ಲೂ ಒಂದೇ ತರ ಇರುವುದನ್ನು ಹೇಳಿ ಮುಗಿಸುತ್ತೇನೆ. ಎಲ್ಲ ಕಡೆ ನೆಲವನ್ನು ಚೌಕ ಚೌಕವಾಗಿ ಅಳೆದಿದ್ದಾರೆ. 1785ರ ಕಾನೂನಿನಿಂದ ಬಂದ ಅಳತೆ ಇದು. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲ ಇದ್ದರೆ ಒಂದು ಸೆಕ್ಷನ್, ಅಂದರೆ 640 ಎಕರೆ. ಅದರ ಕಾಲು ಭಾಗ 160 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಐದು ವರ್ಷ ಅಲ್ಲೇ ಇದ್ದು ಬೇಸಾಯ ಮಾಡಿದವರಿಗೆ ಸರ್ಕಾರ ಕೊಟ್ಟಿದ್ದು ಇಷ್ಟೇ ನೆಲವನ್ನು. ರಸ್ತೆಗಳು ಬಹಳಷ್ಟು ಕಡೆ ಈ ಚೌಕದ ಅಂಚಿನಲ್ಲೇ ಹೋಗುತ್ತವೆ, ಅದಕ್ಕೇ ಅಷ್ಟು ನೇರ. ಆ ನೆಲ ಖಾಲಿಯಾಗಿ ಬಿದ್ದಿರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ರಾಜ್ಯಕ್ಕೆ ಹೆಸರು ಬಂದಿರುವುದೇ ಕಾನ್ಸಾ ಅಥವಾ ಕಾ ಜನರಿಂದ. ಅವರನ್ನು ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿ ಸಣ್ಣ ಜಾಗಕ್ಕೆ ಒತ್ತಿ, 1873ರಲ್ಲಿ ಈಗಿನ ಒಕ್ಲಹೋಮಾಕ್ಕೆ ಸಾಗಹಾಕಿದರು. ನೀವು ಯಾವ ಕೌಂಟಿ ಆರಿಸಿದರೂ ಇದು ಗೊತ್ತಿರಲಿ.

ವ್ಯತ್ಯಾಸ ಇರುವುದು ಎರಡೇ ವಿಷಯದಲ್ಲಿ: ಮಳೆ ಮತ್ತು ನೆಲದ ಕೆಳಗೆ ಏನಿದೆ ಅನ್ನುವುದರಲ್ಲಿ. ಚೇಸ್‌ನಲ್ಲಿ ವರ್ಷಕ್ಕೆ ಸುಮಾರು 35 ಇಂಚು ಮಳೆ. ಫಿನ್ನಿಗೆ ಬರುವ ಹೊತ್ತಿಗೆ 19 ಇಂಚು ಆಸುಪಾಸು. ಉಳಿದದ್ದೆಲ್ಲ ಈ ಲೆಕ್ಕದಿಂದಲೇ ಹುಟ್ಟಿದೆ.

ಚೇಸ್ ಕೌಂಟಿ: ಹುಲ್ಲು ನೋಡಬೇಕೆಂದರೆ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಕ್ಯಾನ್ಸಸ್ ಸಿಟಿಯಿಂದ ಎರಡು ಗಂಟೆ ದಾರಿ, ವಿಚಿಟಾದಿಂದ ಇನ್ನೂ ಕಡಿಮೆ. ಇಡೀ ಕೌಂಟಿಯಲ್ಲಿ ಇರುವ ಜನ 2,600ರ ಹತ್ತಿರ, ಅಷ್ಟೇ.

ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆಯಷ್ಟು ಎತ್ತರದ ಹುಲ್ಲಿನ ಪ್ರೇರಿ ಇತ್ತು. ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಇರುವುದು ಚೇಸ್ ಕೂಡ ಸೇರಿರುವ ಫ್ಲಿಂಟ್ ಹಿಲ್ಸ್ ಅನ್ನುವ ಗುಡ್ಡಸಾಲಿನಲ್ಲಿ. ಅದು ಉಳಿದಿದ್ದು ಯಾರೋ ಕಾಳಜಿ ಮಾಡಿದರು ಅಂತ ಅಲ್ಲ, ಕಲ್ಲಿನಿಂದ. ಸುಣ್ಣದಕಲ್ಲಿನ ಪದರಗಳ ನಡುವೆ ಚಕಮಕಿ ಕಲ್ಲು ಕೂತಿದೆ, ಮೇಲೆ ಗೇಣು ಮಣ್ಣು ಕೂಡ ಇಲ್ಲದ ಜಾಗಗಳಿವೆ. ನೇಗಿಲು ಹಾಕಿದವರ ನೇಗಿಲು ಮುರಿಯಿತು. ಹೊಳೆ ಬದಿಯ ತಗ್ಗು ನೆಲ ಬಿಟ್ಟರೆ ಉಳುಮೆ ಆಗಲಿಲ್ಲ, ಹಾಗಾಗಿ ಜನ ದನ ಮೇಯಿಸೋಕೆ ನಿಂತರು, ಹುಲ್ಲು ಬದುಕಿಕೊಂಡಿತು.

ಇಲ್ಲಿಯ ಮುಖ್ಯ ಹುಲ್ಲು ಬಿಗ್ ಬ್ಲೂಸ್ಟೆಮ್. ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ತಗ್ಗಿನಲ್ಲಿ ಆಳೆತ್ತರ ಮೀರಿ ನಿಂತಿರುತ್ತದೆ, ಕಾಂಡ ಕೆಂಪು ಮಿಶ್ರಿತ ನೇರಳೆ, ತುದಿಯ ತೆನೆ ಮೂರಾಗಿ ಸೀಳಿ ಕೋಳಿ ಪಾದದ ಹಾಗೆ ಚಾಚಿಕೊಂಡಿರುತ್ತದೆ. ಒಂದು ಬುಡದ ಹತ್ತಿರ ಕೂತು ನೋಡಿ: ಬ್ಲೂಸ್ಟೆಮ್ ಜೊತೆಗೇ ಇಂಡಿಯನ್‌ಗ್ರಾಸ್, ಸ್ವಿಚ್‌ಗ್ರಾಸ್, ಕಾಲಡಿಯಲ್ಲಿ ಯಾವುದೋ ಹಳದಿ ಹೂ, ಎಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬೇರು ಹತ್ತು ಅಡಿ ಇಳಿಯುತ್ತದೆ. ಮೇಲೆ ಕಾಣುವುದಕ್ಕಿಂತ ಕೆಳಗೆ ಇರುವುದೇ ಜಾಸ್ತಿ, ಅದಕ್ಕೇ ಬರ ಬಂದರೂ ಬೆಂಕಿ ಬಿದ್ದರೂ ಮತ್ತೆ ಚಿಗುರುತ್ತದೆ.

ಬೆಂಕಿ ಅಂದೆನಲ್ಲ, ಅದನ್ನು ನೋಡೋಕೆಂದೇ ಏಪ್ರಿಲ್‌ನಲ್ಲಿ ಹೋಗುವವರಿದ್ದಾರೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ರ‍್ಯಾಂಚ್‌ನವರು ತಮ್ಮ ಹುಲ್ಲುಗಾವಲಿಗೆ ತಾವೇ ಬೆಂಕಿ ಹಾಕುತ್ತಾರೆ. ಮೊದಲು ಕೌಂಟಿ ಕಚೇರಿಗೆ ಫೋನ್ ಮಾಡಿ ತಿಳಿಸುತ್ತಾರೆ, ಅಕ್ಕಪಕ್ಕದವರು ಪಿಕಪ್ ಗಾಡಿಗಳಲ್ಲಿ ನೀರಿನ ಟ್ಯಾಂಕ್ ಹೇರಿಕೊಂಡು ಬರುತ್ತಾರೆ. ಗಾಳಿ ಯಾವ ಕಡೆ ಹೊಡೆಯುತ್ತಿದೆಯೋ ಆ ಕಡೆಯ ಅಂಚಿಗೆ ಮೊದಲು ನಿಧಾನವಾಗಿ ಬೆಂಕಿ ಹಚ್ಚಿ ಒಂದು ಕಪ್ಪು ಪಟ್ಟಿ ಮಾಡಿಕೊಳ್ಳುತ್ತಾರೆ. ಅದು ಅಗಲವಾದ ಮೇಲೆ ಎದುರು ತುದಿಗೆ ಹೋಗಿ ಗಾಳಿಯ ಜೊತೆ ಓಡುವ ಹಾಗೆ ಹಚ್ಚುತ್ತಾರೆ. ಎರಡೂ ಸೇರುವಾಗ ಜ್ವಾಲೆ ಮೇಲೆದ್ದು ಒಂದೇ ಸಲ ಆರಿಹೋಗುತ್ತದೆ. ಕೆಲವು ದಿನದಲ್ಲಿ ಕಪ್ಪು ನೆಲದಿಂದ ಹಸಿರು ಮೊಳೆಯುತ್ತದೆ, ಆ ಎಳೆ ಹುಲ್ಲು ತಿಂದ ಹೋರಿಕರುಗಳು ಬೇಗ ಮೈ ತುಂಬಿಕೊಳ್ಳುತ್ತವೆ. ಬೆಂಕಿ ಹಾಕದೆ ಬಿಟ್ಟರೆ ಕೆಂಪು ಸೀಡರ್ ಮರಗಳು ನುಗ್ಗಿ ಹುಲ್ಲನ್ನೇ ನುಂಗುತ್ತವೆ. ಹೊಗೆ ಕೆಲವು ವರ್ಷ ಕ್ಯಾನ್ಸಸ್ ಸಿಟಿವರೆಗೂ ಹೋಗುತ್ತದೆ, ಅಲ್ಲಿಯವರು ಗೊಣಗುತ್ತಾರೆ. ಉಸಿರಾಟದ ತೊಂದರೆ ಇರುವವರ ಕಷ್ಟ ನನಗೂ ಅರ್ಥವಾಗುತ್ತದೆ, ಆದರೆ ಬೆಂಕಿ ನಿಲ್ಲಿಸಿದರೆ ಈ ಹುಲ್ಲು ಉಳಿಯುವುದಿಲ್ಲ ಅನ್ನುವುದೂ ಅಷ್ಟೇ ನಿಜ.

ಇಲ್ಲಿಯ ದನಗಳೆಲ್ಲ ಇಲ್ಲಿಯವೇ ಅಲ್ಲ. ರೈಲು ಬಂದ ಮೇಲೆ ಟೆಕ್ಸಾಸ್‌ನಿಂದ ದನಗಳನ್ನು ವ್ಯಾಗನ್‌ಗಳಲ್ಲಿ ತಂದು ಬೇಸಿಗೆಯಿಡೀ ಮೇಯಿಸಿ ಮಾರುಕಟ್ಟೆಗೆ ಕಳಿಸುವುದು ರೂಢಿಯಾಯಿತು. ಈಗ ಲಾರಿಯಲ್ಲಿ ಬರುತ್ತವೆ. ಕೆಲವರು ಏಪ್ರಿಲ್ ಮಧ್ಯದಿಂದ ಜುಲೈ ಮಧ್ಯದವರೆಗೆ ಮಾಮೂಲಿಗಿಂತ ಎರಡರಷ್ಟು ದನ ಬಿಟ್ಟು, ಆಮೇಲೆ ಎಲ್ಲವನ್ನೂ ಹೊರಗೆ ಹಾಕಿ ಹುಲ್ಲಿಗೆ ಬಿಡುವು ಕೊಡುತ್ತಾರೆ. ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯವರು ಪ್ರಯೋಗ ಮಾಡಿ ತೋರಿಸಿದ ಪದ್ಧತಿ ಇದು.

ನೋಡಬೇಕಾದ ಜಾಗ: ಸ್ಟ್ರಾಂಗ್ ಸಿಟಿ ಹತ್ತಿರದ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್. 1996ರಲ್ಲಿ ಆಯಿತು, 11,000 ಎಕರೆಗೆ ಸ್ವಲ್ಪ ಕಡಿಮೆ. ಪ್ರವೇಶ ಉಚಿತ. 1881ರಲ್ಲಿ ಕಟ್ಟಿದ ಸುಣ್ಣದಕಲ್ಲಿನ ರ‍್ಯಾಂಚ್ ಮನೆ, ಮೂರು ಅಂತಸ್ತಿನ ಕಲ್ಲಿನ ಕೊಟ್ಟಿಗೆ, 1882ರ ಒಂದೇ ಕೋಣೆಯ ಶಾಲೆ ಇವೆ. 2009ರಲ್ಲಿ ದಕ್ಷಿಣ ಡಕೋಟಾದ ವಿಂಡ್ ಕೇವ್‌ನಿಂದ 13 ಬೈಸನ್ (ಅಮೆರಿಕದ ಕಾಡುದನ) ತಂದು ಬಿಟ್ಟರು, ಅವುಗಳ ಹಿಂಡು ಇರುವ ಬಯಲಿನಲ್ಲೇ ಕಾಲುದಾರಿ ಹೋಗುತ್ತದೆ. ಮಕ್ಕಳಿದ್ದರೆ ಕೈ ಬಿಡಬೇಡಿ, ಬೈಸನ್ ದಾರಿಯಲ್ಲೇ ನಿಂತಿದ್ದರೆ ಸುಮ್ನೆ ವಾಪಸ್ ಬನ್ನಿ, ಫೋಟೋ ಆಸೆಗೆ ಹತ್ತಿರ ಹೋಗಬೇಡಿ. ಪಕ್ಕದ ಕಾಟನ್‌ವುಡ್ ಫಾಲ್ಸ್‌ನಲ್ಲಿ 1873ರ ಕೋರ್ಟ್ ಕಟ್ಟಡ ಇದೆ, ಇವತ್ತಿಗೂ ಅಲ್ಲೇ ಕೆಲಸ ನಡೆಯುತ್ತದೆ.

ಕ್ಯಾನ್ಸಸ್‌ನದೇ ಮ್ಯಾನ್‌ಹಟನ್ ಊರಿನಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಚೇಸ್ ದೂರ ಅನ್ನಿಸಿದರೆ ಪಕ್ಕದಲ್ಲೇ ಕಾನ್ಜಾ ಪ್ರೇರಿ ಇದೆ. ಹುಲ್ಲು ಅದೇ.

ಮೇರಿಯನ್ ಕೌಂಟಿ: ಗೋಧಿಯ ಕಥೆ ಬೇಕೆಂದರೆ

ಚೇಸ್‌ನ ಪಕ್ಕದ್ದೇ ಕೌಂಟಿ. ಗುಡ್ಡ ಇಳಿದು ಪಶ್ಚಿಮಕ್ಕೆ ಬಂದರೆ ಕಲ್ಲು ಮುಗಿದು ಉಳುವ ಮಣ್ಣು ಶುರುವಾಗುತ್ತದೆ. ನೋಟದಲ್ಲಿ ಮೂರರಲ್ಲಿ ಇದೇ ಸಾದಾ, ಇದನ್ನು ಮುಚ್ಚಿಡುವುದಿಲ್ಲ. ಫೋಟೋಗಾಗಿ ಹೋಗುವವರು ಇದನ್ನು ಬಿಡಬಹುದು. ಆದರೆ ಬೀಜದ ಮೇಲೆ, ಊಟದ ಮೇಲೆ ಆಸಕ್ತಿ ಇರುವವರು ಬಿಡಲೇಬಾರದು.

1863ರಲ್ಲಿ ಕಾಂಗ್ರೆಸ್ ಸಾಂಟಾ ಫೆ ರೈಲ್ವೆಗಾಗಿ ಕೊಟ್ಟ ನೆಲ ಸುಮಾರು 30 ಲಕ್ಷ ಎಕರೆ. ಹಳಿ ಹಾಕಿದರೆ ಸಾಕಾ, ಸರಕು ಸಾಗಿಸೋಕೆ ಬೆಳೆಯುವವರು ಬೇಕಲ್ವಾ? ಹಾಗಾಗಿ ಕಂಪನಿಯವರು ಯುರೋಪಿನವರೆಗೂ ಹೋಗಿ ರೈತರನ್ನು ಹುಡುಕಿದರು. ಅದೇ ಹೊತ್ತಿಗೆ ಈಗಿನ ಉಕ್ರೇನ್‌ನಲ್ಲಿದ್ದ ಜರ್ಮನ್ ಮಾತಿನ, ಮೆನೊನೈಟ್ ಅನ್ನುವ ಕ್ರೈಸ್ತ ಪಂಥದ ಜನರಿಗೆ ರಷ್ಯಾ ಸರ್ಕಾರ ಸೇನಾ ಸೇವೆಯಿಂದ ಕೊಟ್ಟಿದ್ದ ವಿನಾಯಿತಿ ತೆಗೆಯುವುದಾಗಿ ಹೇಳಿತ್ತು. ಯುದ್ಧವೇ ಬೇಡ ಅನ್ನುವ ನಂಬಿಕೆಯವರು ಅವರು. 1874ರಲ್ಲಿ ಅಲೆಕ್ಸಾಂಡರ್‌ವೋಲ್ ಊರಿನ ಸಭೆಯ ಜನ ಒಟ್ಟಾಗಿ ಬಂದು ಈಗಿನ ಗೊಸೆಲ್ ಸುತ್ತಮುತ್ತ ನೆಲೆಸಿದರು. ಹಿಲ್ಸ್‌ಬರೋ ಹತ್ತಿರ ಇನ್ನೊಂದು ಗುಂಪು ಗ್ನಾಡೆನಾವ್ ಅನ್ನುವ ಊರು ಕಟ್ಟಿತು. ಒಂದೇ ಬೀದಿ, ಎರಡೂ ಬದಿ ಮನೆ, ಹಿಂದೆ ಉದ್ದುದ್ದ ಪಟ್ಟಿ ಹೊಲ, ಎಲ್ಲ ತಮ್ಮ ಹಳೆ ಊರಿನ ಹಾಗೇ. ಕೆಲವೇ ವರ್ಷದಲ್ಲಿ ಅದು ಮುರಿದುಹೋಯಿತು. ಚೌಕ ಅಳತೆಯ ನೆಲದಲ್ಲಿ ಒಬ್ಬೊಬ್ಬರಿಗೂ ಅವರವರ ಹೊಲ, ಹೊಲದ ಮಧ್ಯೆ ಮನೆ ಅನ್ನುವುದೇ ಗೆದ್ದಿತು. ಈಗ ಅರ್ಧ ಮೈಲಿಗೆ ಒಂದರಂತೆ ಮನೆ ಕಾಣುತ್ತದಲ್ಲ, ಅದರ ಒಂಟಿತನ ಹುಟ್ಟಿದ್ದು ಆ ಅಳತೆಯಿಂದಲೇ ಅಂತ ನನಗೆ ಅನ್ನಿಸುತ್ತದೆ.

ಅವರು ತಂದದ್ದು ಟರ್ಕಿ ರೆಡ್ ಗೋಧಿ. ಮಕ್ಕಳು ಒಂದೊಂದೇ ಕಾಳು ಆರಿಸಿ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದರು ಅನ್ನುವ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಅದು ನಿಜಕ್ಕೂ ದೊಡ್ಡ ಪ್ರಮಾಣದಲ್ಲಿ ಹರಡಿದ್ದು 1880ರ ದಶಕದಲ್ಲಿ, ಬರ್ನ್‌ಹಾರ್ಡ್ ವಾರ್ಕೆಂಟಿನ್ ಅನ್ನುವ ಹಿಟ್ಟಿನ ಗಿರಣಿ ಮಾಲೀಕ ರಷ್ಯಾದಿಂದ ಬೀಜ ತರಿಸಿದ ಮೇಲೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದರೆ ಚಳಿಗಾಲವಿಡೀ ಮಂಜಿನಡಿ ಮಲಗಿದ್ದು ಜೂನ್‌ನಲ್ಲಿ ಕೊಯ್ಲಿಗೆ ಬರುತ್ತದೆ, ಅಂದರೆ ಬೇಸಿಗೆಯ ಬಿಸಿಗಾಳಿ ಜೋರಾಗುವ ಮೊದಲೇ ಕಾಳು ಮನೆಗೆ. ಕಾಳು ಎಷ್ಟು ಗಟ್ಟಿ ಅಂದರೆ ಹಳೆ ಬೀಸುಕಲ್ಲಿನ ಗಿರಣಿಗಳಿಗೆ ಒಗ್ಗಲಿಲ್ಲ, ಉಕ್ಕಿನ ರೋಲರ್ ಗಿರಣಿಗಳು ಬಂದ ಮೇಲೇ ಅದಕ್ಕೆ ಬೆಲೆ ಬಂತು.

ನಮ್ಮ ಕಡೆಗೂ ಇದರ ಎಳೆ ಬಂದಿದೆ. ಜಪಾನಿನಲ್ಲಿ ಈ ಟರ್ಕಿ ರೆಡ್ ಅನ್ನು ಅಲ್ಲಿಯ ಗಿಡ್ಡ ತಳಿಯ ಸಂತತಿಯ ಜೊತೆ ಕೂಡಿಸಿ ನೊರಿನ್ 10 ಅನ್ನುವ ತಳಿ ಮಾಡಿದರು, ಅದು ಹೊರಬಂದದ್ದು 1935ರಲ್ಲಿ. ಅದರ ಗಿಡ್ಡ ಗುಣವನ್ನು ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೊದಲ್ಲಿ ತಮ್ಮ ಗೋಧಿಗೆ ಸೇರಿಸಿಕೊಂಡರು, ಆ ಗೋಧಿ 1960ರ ದಶಕದಲ್ಲಿ ಭಾರತಕ್ಕೆ ಬಂದು ಹಸಿರು ಕ್ರಾಂತಿಗೆ ಬೀಜವಾಯಿತು. ಗೊಸೆಲ್‌ನ ಮ್ಯೂಸಿಯಂನಲ್ಲಿ ನಿಂತಾಗ ಇದು ತಲೆಯಲ್ಲಿದ್ದರೆ ಆ ಒಣ ತೆನೆಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಆ ಮೆನೊನೈಟ್ ಹೆರಿಟೇಜ್ ಅಂಡ್ ಅಗ್ರಿಕಲ್ಚರಲ್ ಮ್ಯೂಸಿಯಂಗೆ ಒಂದು ಅರ್ಧ ದಿನ ಕೊಡಿ. ಗೋಧಿ ಹುಲ್ಲಿನಿಂದ ಹೆಣೆದ ಲಿಬರ್ಟಿ ಬೆಲ್ ಇದೆ. ಆದರೆ ನನಗೆ ಹಿಡಿಸಿದ್ದು ಈ ಜನ ಬಳಸುತ್ತಿದ್ದ ಒಕ್ಕಣೆಯ ಕಲ್ಲು. ಸುಣ್ಣದಕಲ್ಲಿನ ಉರುಳೆ, ಸುತ್ತಲೂ ಏಳು ದಪ್ಪ ಹಲ್ಲು, ಎರಡು ತುದಿಯಲ್ಲಿ ಕಬ್ಬಿಣದ ಗೂಟ. ಕಣದಲ್ಲಿ ತೆನೆ ಹರಡಿ ಕುದುರೆ ಕಟ್ಟಿ ಎಳೆಸುತ್ತಿದ್ದರು. ನಮ್ಮ ರೋಣಗಲ್ಲು ನೋಡಿದವರಿಗೆ ಯಾರೂ ವಿವರಿಸಬೇಕಿಲ್ಲ, ಅದು ನುಣುಪು, ಇದಕ್ಕೆ ಹಲ್ಲು, ಅಷ್ಟೇ ವ್ಯತ್ಯಾಸ. ಒಕ್ಕಣೆ ಯಂತ್ರ ಬಂದದ್ದೇ ತಡ, ಈ ಕಲ್ಲುಗಳಿಗೆ ಕೆಲಸವಿಲ್ಲದೆ ಹೋಯಿತು.

ಹಿಲ್ಸ್‌ಬರೋದಲ್ಲಿ 1876ರ ಹಸಿ ಇಟ್ಟಿಗೆಯ ಮನೆ ಇದೆ. ಫ್ಲಾರೆನ್ಸ್‌ನಲ್ಲಿ 1878ರಲ್ಲಿ ಶುರುವಾದ ಹಾರ್ವಿ ಹೌಸ್, ರೈಲು ಪ್ರಯಾಣಿಕರಿಗೆ ಒಳ್ಳೆಯ ಊಟ, ಹಾಸಿಗೆ ಕೊಟ್ಟ ಹೋಟೆಲು. ದಾರಿಯಲ್ಲೇ ಸಿಗುತ್ತದೆ, ಇಳಿದು ನೋಡಿ.

ಫಿನ್ನಿ ಕೌಂಟಿ: ನೀರಿನ ಲೆಕ್ಕ ಅರ್ಥವಾಗಬೇಕೆಂದರೆ

ಇದು ದೂರ. ಕ್ಯಾನ್ಸಸ್ ಸಿಟಿಯಿಂದ ಆರು ಗಂಟೆಯ ಹತ್ತಿರ, ವಿಚಿಟಾದಿಂದ ಮೂರೂವರೆ. ಇಲ್ಲಿಗೆ ಯಾಕೆ ಹೋಗಬೇಕು ಅಂತ ಕೇಳಿದರೆ, ಊರಲ್ಲಿ ಬೋರ್‌ವೆಲ್ ಇರುವ ಮನೆಯವರು ನೀವಾಗಿದ್ದರೆ ಮೂರರಲ್ಲಿ ನಿಮಗೆ ಬೇಕಾದದ್ದು ಇದೇ ಅನ್ನುತ್ತೇನೆ.

ಗಾರ್ಡನ್ ಸಿಟಿ ಇದರ ಮುಖ್ಯ ಊರು. ಆರ್ಕನ್ಸಾ ನದಿ ಊರ ಪಕ್ಕದಲ್ಲೇ ಇದೆ, ಆದರೆ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ವರ್ಷದ ಬಹುಕಾಲ ಕಾಣುವುದು ಮರಳು, ಅದರ ಮೇಲೆ ಗಾಡಿ ಓಡಿಸಿದ ಗುರುತು. ಮೇಲಿನ ರಾಜ್ಯ ಕೊಲೊರಾಡೊ ನೀರು ತಿರುಗಿಸಿಕೊಂಡಿತು ಅಂತ ಕ್ಯಾನ್ಸಸ್ ಸುಪ್ರೀಂ ಕೋರ್ಟಿಗೆ ಹೋದದ್ದು 1901ರಷ್ಟು ಹಿಂದೆ. ಅದು ಮುಗಿದು, 1949ರಲ್ಲಿ ಒಪ್ಪಂದ ಜಾರಿಗೆ ಬಂದು, ಅದನ್ನೂ ಮೀರಿದರು ಅಂತ 1985ರಲ್ಲಿ ಮತ್ತೆ ಕೇಸು. ಕೊನೆಗೆ 2005ರಲ್ಲಿ ಕೊಲೊರಾಡೊ ಮೂರು ಕೋಟಿ ಡಾಲರಿಗೂ ಜಾಸ್ತಿ ದುಡ್ಡು ಕಟ್ಟಿತು. ದುಡ್ಡು ಬಂತು, ನದಿ ಬರಲಿಲ್ಲ.

ಹಾಗಾದರೆ ಇಷ್ಟು ಹಸಿರು ಎಲ್ಲಿಂದ? ನೆಲದಡಿಯ ಒಗಲಾಲ ಜಲಪದರದಿಂದ. ಎಂಟು ರಾಜ್ಯಗಳ ಕೆಳಗೆ ಹಬ್ಬಿರುವ, ಮರಳು ಜಲ್ಲಿಯಲ್ಲಿ ತುಂಬಿಕೊಂಡ ಬಹಳ ಹಳೆಯ ನೀರು ಇದು. ಫ್ರಾಂಕ್ ಜೈಬಾಕ್ ಅನ್ನುವ ರೈತ 1952ರಲ್ಲಿ ಪೇಟೆಂಟ್ ಪಡೆದ ಸೆಂಟರ್ ಪಿವಟ್ ಇಲ್ಲಿಯ ಚಿತ್ರವನ್ನೇ ಬದಲಿಸಿತು. ಹೊಲದ ನಡುವೆ ಬಾವಿ, ಅಲ್ಲಿಂದ ಕಾಲು ಮೈಲಿ ಉದ್ದದ ಪೈಪು, ಕೆಳಗೆ ಸಾಲಾಗಿ ಚಕ್ರದ ಗೋಪುರಗಳು. ಅದು ಗಡಿಯಾರದ ಮುಳ್ಳಿನಷ್ಟು ನಿಧಾನ ಸುತ್ತುತ್ತ ನೀರು ಹಾಕುತ್ತದೆ. 160 ಎಕರೆಯ ಚೌಕದಲ್ಲಿ 125ರಿಂದ 130 ಎಕರೆಯ ವೃತ್ತ ಹಸಿರಾಗುತ್ತದೆ, ನಾಲ್ಕು ಮೂಲೆ ಒಣಗಿರುತ್ತವೆ. ವಿಮಾನದಿಂದ ಕಾಣುವ ಆ ಹಸಿರು ದುಂಡುಗಳು ಇವೇ. ಮೂಲೆಯಲ್ಲಿ ನಿಂತು ಒಂದು ಹೆಜ್ಜೆ ಒಳಗೆ, ಒಂದು ಹೆಜ್ಜೆ ಹೊರಗೆ ಇಟ್ಟರೆ ಗೊತ್ತಾಗುತ್ತದೆ: ಒಳಗೆ ತಲೆ ಮೀರಿದ ಮೆಕ್ಕೆಜೋಳ, ಹೊರಗೆ ಮೊಣಕಾಲೂ ಮುಟ್ಟದ ಒಣ ಹುಲ್ಲು.

ಮೆಕ್ಕೆಜೋಳ ದನಕ್ಕೆ, ದನ ಫೀಡ್‌ಲಾಟ್‌ಗೆ (ಕೂಡಿಹಾಕಿ ಮೇವು ಕೊಟ್ಟು ಕೊಬ್ಬಿಸುವ ಜಾಗ), ಅಲ್ಲಿಂದ ಕಸಾಯಿಖಾನೆಗೆ. 1980ನೇ ಇಸವಿಯ ಕೊನೆಗೆ ಹೋಲ್ಕಂಬ್ ಹತ್ತಿರ ದೊಡ್ಡ ಮಾಂಸದ ಕಾರ್ಖಾನೆ ಶುರುವಾದ ಮೇಲೆ ವಿಯೆಟ್ನಾಂ, ಮೆಕ್ಸಿಕೊ, ಆಮೇಲೆ ಬರ್ಮಾ, ಸೊಮಾಲಿಯಾ ಜನ ಕೆಲಸಕ್ಕೆ ಬಂದರು. ಚೇಸ್‌ನಲ್ಲಿ 2,600 ಜನ ಅಂದೆನಲ್ಲ, ಇಲ್ಲಿ 38,000. ಹಳ್ಳಿಗಾಡಿನ ಕೌಂಟಿಗಳು ಖಾಲಿಯಾಗುತ್ತಿರುವ ಕಾಲದಲ್ಲಿ ಇದು ಬೆಳೆದಿದ್ದು ಇವರಿಂದ.

ಆದರೆ ನೀರು ಇಳಿಯುತ್ತಿದೆ. ಇಲ್ಲಿ ಮಳೆಯಿಂದ ಜಲಪದರಕ್ಕೆ ವಾಪಸ್ ಸೇರುವುದು ವರ್ಷಕ್ಕೆ ಒಂದು ಇಂಚೂ ಇಲ್ಲ. ನೈರುತ್ಯ ಕ್ಯಾನ್ಸಸ್‌ನ ಕೆಲವು ಕಡೆ ನೀರಿನ ಮಟ್ಟ 100 ಅಡಿಗೂ ಹೆಚ್ಚು ಕೆಳಗೆ ಹೋಗಿದೆ. ಪ್ರತಿ ಜನವರಿಯಲ್ಲಿ, ಪಂಪುಗಳು ನಿಂತಿರುವ ಹೊತ್ತಿನಲ್ಲಿ, ರಾಜ್ಯದವರು ಪಶ್ಚಿಮದ ಬಾವಿಗಳಿಗೆ ಟೇಪು ಇಳಿಸಿ ಅಳೆಯುತ್ತಾರೆ. ಲೆಕ್ಕ ಎಲ್ಲರಿಗೂ ಗೊತ್ತು, ಯಾರೂ ಕಣ್ಣು ಮುಚ್ಚಿಕೊಂಡಿಲ್ಲ. 1945ರ ಕಾನೂನಿನ ಪ್ರಕಾರ ಮೊದಲು ಹಕ್ಕು ಪಡೆದವನಿಗೆ ಮೊದಲ ನೀರು, ಹಾಗಾಗಿ ಕಡಿಮೆ ಮಾಡೋಣ ಅಂದರೆ ಯಾರು ಮೊದಲು ಅನ್ನುವುದೇ ತಕರಾರು. ಉತ್ತರದ ಶೆರಿಡನ್ ಕೌಂಟಿಯ ಕಡೆ ರೈತರೇ ಕೂತು ಒಪ್ಪಿ, 2013ರಿಂದ ಐದು ವರ್ಷಕ್ಕೆ ಎಕರೆಗೆ 55 ಇಂಚು ಅಂತ ಮಿತಿ ಹಾಕಿಕೊಂಡರು. ಐದಕ್ಕೂ ಸೇರಿ ಒಂದೇ ಲೆಕ್ಕ, ಯಾವ ವರ್ಷ ಎಷ್ಟು ಅನ್ನುವುದು ಅವರವರ ಇಷ್ಟ. ನನ್ನ ಪ್ರಕಾರ ಈ ಮೂರು ಕೌಂಟಿಗಳ ಯಾವ ಮ್ಯೂಸಿಯಂಗಿಂತಲೂ ನಮ್ಮ ರೈತರು ಕೇಳಿ ತಿಳಿದುಕೊಳ್ಳಬೇಕಾದದ್ದು ಈ ಒಪ್ಪಂದದ ವಿವರ.

ನೀರಾವರಿ ಇಲ್ಲದವರು ಏನು ಮಾಡುತ್ತಾರೆ? ಗೋಧಿ, ಆಮೇಲೆ ಜೋಳ, ಆಮೇಲೆ ಬೀಳು: ಮೂರು ವರ್ಷಕ್ಕೆ ಎರಡು ಬೆಳೆ. ಜೋಳ ಅಂದರೆ ನಮ್ಮ ರೊಟ್ಟಿಯ ಜೋಳವೇ, ಅವರು ಮೈಲೊ ಅನ್ನುತ್ತಾರೆ. ಅಮೆರಿಕದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಕ್ಯಾನ್ಸಸ್. ಗಿಡ ಹೆಚ್ಚುಕಡಿಮೆ ಸೊಂಟದೆತ್ತರ ಅಷ್ಟೇ, ತೆನೆ ಕೆಂಪು, ಅಕ್ಟೋಬರ್‌ನಲ್ಲಿ ಇಡೀ ಹೊಲ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಬಹುಪಾಲು ದನದ ಮೇವಿಗೆ, ಎಥೆನಾಲ್‌ಗೆ ಹೋಗುತ್ತದೆ. ವಿಜಯಪುರ, ಕಲಬುರಗಿ ಕಡೆಯವರು ಆ ಹೊಲದ ಪಕ್ಕ ಗಾಡಿ ನಿಲ್ಲಿಸದೆ ಮುಂದೆ ಹೋಗಲಾರರು.

ಊಟ, ರಸ್ತೆ, ಹವೆ

ಸಸ್ಯಾಹಾರಿಗಳಿಗೆ ಚೇಸ್ ಕಷ್ಟ, ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ. ಮೇರಿಯನ್‌ನಲ್ಲಿ ವೆರೆನಿಕೆ ಸಿಗುತ್ತದೆ, ಮೊಸರು ಗಿಣ್ಣಿನಂಥ ಚೀಸ್ ತುಂಬಿದ ಕಡುಬು. ಮೇಲೆ ಸುರಿಯುವ ಗ್ರೇವಿಯಲ್ಲಿ ಹಂದಿ ಮಾಂಸ ಇರುತ್ತದೆ, ಬೇಡ ಅಂತ ಮೊದಲೇ ಹೇಳಬೇಕು. ಭಾನುವಾರ ಸಣ್ಣ ಊರುಗಳಲ್ಲಿ ಬಹಳಷ್ಟು ಬಾಗಿಲು ಮುಚ್ಚಿರುತ್ತವೆ. ಊಟಕ್ಕೆ ಗಾರ್ಡನ್ ಸಿಟಿಯೇ ವಾಸಿ, ಮೆಕ್ಸಿಕನ್, ವಿಯೆಟ್ನಾಂ ಅಡುಗೆ ಎರಡೂ ಸಿಗುತ್ತವೆ. ಆದರೆ ಗಾಳಿ ತಿರುಗಿದರೆ ಫೀಡ್‌ಲಾಟ್ ವಾಸನೆ ಊರೊಳಗೂ ಬರುತ್ತದೆ, ಸಣ್ಣ ಮಕ್ಕಳ ಜೊತೆ ಹೋಗುವವರು ಇದನ್ನು ಯೋಚಿಸಿ.

ಜಲ್ಲಿ ರಸ್ತೆಗೆ ಇಳಿಯುವ ಮುನ್ನ ಸ್ಪೇರ್ ಟೈರ್ ನೋಡಿಕೊಳ್ಳಿ, ಚೇಸ್‌ನ ಚಕಮಕಿ ಕಲ್ಲು ಟೈರ್ ಸೀಳುತ್ತದೆ. ಎದುರಿಗೆ ಬರುವ ಪಿಕಪ್‌ನವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ಅದು ನಮಸ್ಕಾರ, ನೀವೂ ಎತ್ತಿ. ಬೇಲಿ ದಾಟಬೇಡಿ, ಕ್ಯಾನ್ಸಸ್‌ನ ನೆಲ ಹೆಚ್ಚುಕಡಿಮೆ ಎಲ್ಲವೂ ಯಾರದೋ ಸ್ವಂತದ್ದು. ಏಪ್ರಿಲ್‌ನಿಂದ ಜೂನ್‌ವರೆಗೆ ಸುಂಟರಗಾಳಿ ಕಾಲ, ಫೋನಿನ ಎಚ್ಚರಿಕೆ ಆಫ್ ಮಾಡಬೇಡಿ.

ಹಾಗಾದರೆ ಯಾವುದು?

ಒಂದೇ ದಿನ ಇದ್ದರೆ ಚೇಸ್, ಬೇರೆ ಯೋಚನೆಯೇ ಬೇಡ. ಅಪ್ಪ ಅಮ್ಮ ಊರಿಂದ ಬಂದಿದ್ದು ಅವರು ಬೇಸಾಯ ಮಾಡಿದವರಾಗಿದ್ದರೆ, ಜೂನ್ ಮಧ್ಯದಲ್ಲಿ ಮೇರಿಯನ್‌ಗೆ ಕರೆದುಕೊಂಡು ಹೋಗಿ. ಕೊಯ್ಲು ಯಂತ್ರಗಳು ಸಂಜೆ ದೀಪ ಹಾಕಿಕೊಂಡು ಓಡಾಡುವುದು, ಲಾರಿಗಳು ಕಾಳು ತುಂಬಿಡುವ ಎತ್ತರದ ಕಣಜದ (ಎಲಿವೇಟರ್) ಮುಂದೆ ಸಾಲು ನಿಲ್ಲುವುದು, ಮಳೆ ಮೋಡ ಕಂಡರೆ ಎಲ್ಲರ ಮುಖ ಒಂದೇ ತರ ಆಗುವುದು, ಇದನ್ನೆಲ್ಲ ಅವರು ನಿಮಗಿಂತ ಚೆನ್ನಾಗಿ ಓದುತ್ತಾರೆ. ನೀವೇ ಊರಲ್ಲಿ ಜಮೀನು ಇಟ್ಟುಕೊಂಡು ಅದನ್ನು ಏನು ಮಾಡುವುದು ಅಂತ ಯೋಚಿಸುತ್ತಿದ್ದರೆ ಫಿನ್ನಿ, ಜುಲೈ ಅಥವಾ ಅಕ್ಟೋಬರ್.

ಮೂರು ದಿನ ಇದ್ದರೆ ಮೂರನ್ನೂ ನೋಡಿ. ಆದರೆ ಪೂರ್ವದಿಂದ ಪಶ್ಚಿಮಕ್ಕೇ ಹೋಗಿ. ಕಾಟನ್‌ವುಡ್ ಫಾಲ್ಸ್‌ನಿಂದ ಗಾರ್ಡನ್ ಸಿಟಿಗೆ ಹೈವೇ 50ರಲ್ಲಿ ಸುಮಾರು 250 ಮೈಲಿ, ಮಳೆ ಕಡಿಮೆಯಾಗುತ್ತ ಹೋಗುವುದು ಕಿಟಕಿಯಿಂದಲೇ ಕಾಣುತ್ತದೆ: ಮೊದಲು ಮರ ಕಡಿಮೆಯಾಗುತ್ತವೆ, ಆಮೇಲೆ ಹುಲ್ಲು ಗಿಡ್ಡವಾಗುತ್ತದೆ, ಪಶ್ಚಿಮಕ್ಕೆ ಹೋದ ಹಾಗೆ ಪಿವಟ್ ಪೈಪುಗಳು ಜಾಸ್ತಿಯಾಗುತ್ತವೆ. ಮೊದಲ ರಾತ್ರಿಗೆ ಕಾಟನ್‌ವುಡ್ ಫಾಲ್ಸ್‌ನಲ್ಲಿ ಕೋಣೆ ಸಿಗದಿದ್ದರೆ ನ್ಯೂಟನ್‌ನಲ್ಲಿ ನೋಡಿ, ಗೊಸೆಲ್‌ಗೆ ಬೆಳಿಗ್ಗೆ ಅಲ್ಲಿಂದ ಹತ್ತಿರ. ಮ್ಯೂಸಿಯಂ ತೆರೆದಿರುವ ದಿನಗಳನ್ನು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಗಾರ್ಡನ್ ಸಿಟಿ ಹತ್ತಿರದ ಸ್ಯಾಂಡ್‌ಸೇಜ್ ಬೈಸನ್ ರೇಂಜ್ ನೋಡುವ ಆಸೆ ಇದ್ದರೆ ಅದಕ್ಕೂ ಮೊದಲೇ ಕೇಳಿ ಟೂರ್ ಗೊತ್ತುಮಾಡಿಕೊಳ್ಳಬೇಕು.